ಇನ್ನೊಬ್ಬರ ಜಾಗ, ತನ್ನದೇ ನಾದ

ಪೇಟೆ ಬೀದಿಯಲ್ಲಿ ಒಂದು ಹಳೇ ಅಂಗಡಿ ಇದೆ ಅನ್ನಿ. ಮೂವತ್ತು ವರ್ಷ ಗಲ್ಲಾ ಮೇಲೆ ಕೂತ ಯಜಮಾನರು ಒಂದು ದಿನ ತೀರಿಕೊಂಡರು. ಕರ್ಮಾಂತರ ಮುಗಿದು ಬಾಗಿಲು ತೆಗೆದಾಗ ಆ ಜಾಗದಲ್ಲಿ ಇನ್ನೊಬ್ಬ ಕೂತಿದ್ದಾನೆ. ಸಾಮಾನು ಅದೇ, ತಕ್ಕಡಿ ಅದೇ, ರೇಟೂ ಅದೇ. ಆದರೂ ಬಂದ ಗಿರಾಕಿಗಳದೆಲ್ಲ ಒಂದೇ ಮಾತು: "ದೊಡ್ಡ ಯಜಮಾನ್ರು ಇದ್ದಾಗ ಹೀಗಿರ್ಲಿಲ್ಲ ಬಿಡಿ."

ಹೊಸಬ ಹಳಬರ ಹಾಗೇ ನಡೆದುಕೊಂಡರೆ ನಕಲು ಮಾಡ್ತಾನೆ ಅಂತಾರೆ. ತನ್ನ ರೀತಿಯಲ್ಲಿ ನಡೆದರೆ ಅಂಗಡಿ ಹೆಸರು ಕೆಡಿಸಿದ ಅಂತಾರೆ. ಅತ್ತ ದರಿ, ಇತ್ತ ಪುಲಿ!

ಇಂಥ ಜಾಗದಲ್ಲಿ ಒಂದು ಸಲ ಕೂತು ಸೈ ಅನ್ನಿಸಿಕೊಳ್ಳೋದೇ ಕಷ್ಟ. ಮೂರು ಸಲ ಕೂತ ಒಬ್ಬ ಇದಾನೆ. ಹೆಸರು ಜಿಮ್ಮಿ ಹೆರಿಂಗ್. ಅಮೆರಿಕದವನು, ಗಿಟಾರ್ ನುಡಿಸುವವನು. ನಲ್ಲಿ ನೀರು, ಚರಂಡಿ, ಬಸ್ ನಿಲ್ದಾಣದ ಸೋರುವ ಛಾವಣಿ ಬಗ್ಗೆ ಬರೆಯುವ ಈ ಅಂಕಣಕ್ಕೆ ಅಷ್ಟು ದೂರದ ಗಿಟಾರ್‌ಗಾರ ಯಾಕೆ ಬಂದ ಅಂತ ಕೇಳ್ತೀರಿ. ಹೋದವರ ಜಾಗ ತುಂಬುವ ಕಷ್ಟಕ್ಕೆ ಊರು, ದೇಶ ಅಂತಿಲ್ಲ ನೋಡಿ, ಅದಕ್ಕೆ.

ಜಾಮ್ ಅಂದರೆ ಯಾವ ಜಾಮ್?

ಹೆರಿಂಗ್ ಬಾಳಿದ ಲೋಕಕ್ಕೆ "ಜಾಮ್ ಬ್ಯಾಂಡ್" ಅಂತ ಹೆಸರು. ಇದು ಬಸ್ಸು ಸಿಕ್ಕಿಹಾಕಿಕೊಳ್ಳುವ ಜಾಮೂ ಅಲ್ಲ, ಬ್ರೆಡ್ಡಿಗೆ ಸವರುವ ಜಾಮೂ ಅಲ್ಲ. ನಾಲ್ಕೈದು ವಾದ್ಯಗಾರರು ಒಂದು ಹಾಡು ಹಿಡಿದು, ಹಾಡು ಮುಗಿಯೋ ಕಡೆ ಮುಗಿಸದೆ, ಅಲ್ಲೇ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುತ್ತಾ ಬೆಳೆಸಿಕೊಂಡು ಹೋಗೋದಕ್ಕೆ ಅಲ್ಲಿ ಜಾಮ್ ಅಂತಾರೆ. ನಮ್ಮ ರಾಮೋತ್ಸವದ ಕಚೇರಿಯಲ್ಲಿ ಪಿಟೀಲಿನವರು ಕಲ್ಪನಾಸ್ವರಕ್ಕೆ ಇಳಿದಾಗ ಏನಾಗುತ್ತೋ ಹೆಚ್ಚು ಕಡಿಮೆ ಅದೇ. ನಾವು ಮನೋಧರ್ಮ ಅಂತೀವಿ. ಕೀರ್ತನೆ ಎಲ್ಲರಿಗೂ ಗೊತ್ತು, ಮುಂದಿನ ಹತ್ತು ನಿಮಿಷ ಏನಾಗುತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲ. ಮೂರು ನಿಮಿಷದ ಹಾಡು ಇಪ್ಪತ್ತು ನಿಮಿಷಕ್ಕೆ ಹೋದರೂ ಜನ ಎದ್ದು ಹೋಗಲ್ಲ. ಅದಕ್ಕೇ ಅಂತ ಬಂದವರು.

ಈ ದಾರಿ ಹಾಕಿದ್ದು 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಅನ್ನುವ ಬ್ಯಾಂಡು. ಮೂವತ್ತು ವರ್ಷದಲ್ಲಿ 2,300ಕ್ಕೂ ಹೆಚ್ಚು ಕಚೇರಿ ಮಾಡಿತು. ಅಭಿಮಾನಿಗಳು ಬ್ಯಾಂಡಿನ ಹಿಂದೆ ಊರಿಂದ ಊರಿಗೆ ತಿರುಗಿದರು. ಕಚೇರಿ ನಡೆಯುವ ಕಡೆ ಗಾಡಿ ನಿಲ್ಲಿಸುವ ಬಯಲಿನಲ್ಲಿ ಬನಿಯನ್ನು, ಮಣಿಸರ, ತಿಂಡಿ ಮಾರುವ ಸಂತೆಯೇ ಕಟ್ಟುತ್ತಿತ್ತು. ಪ್ರವಾಸದ ಖರ್ಚನ್ನು ಆ ಸಂತೆಯಲ್ಲೇ ದುಡಿದುಕೊಂಡವರೂ ಇದ್ದರು.

ವ್ಯಾಪಾರಸ್ಥರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಬೇರೆ ಬ್ಯಾಂಡಿನವರು ಕಚೇರಿಯಲ್ಲಿ ಯಾರಾದರೂ ಟೇಪ್ ರೆಕಾರ್ಡರ್ ಒತ್ತಿದರೆ ಹಿಡಿದು ಹೊರಗೆ ಹಾಕುತ್ತಿದ್ದ ಕಾಲದಲ್ಲಿ, ಇವರು 1984ರಿಂದ ರೆಕಾರ್ಡ್ ಮಾಡುವವರಿಗೇ ಅಂತ ಸಭೆಯಲ್ಲಿ ಬೇರೆ ಜಾಗ ಕೊಟ್ಟರು. ಮಾಡಿಕೊಳ್ಳಿ, ಹಂಚಿಕೊಳ್ಳಿ, ಆದರೆ ಮಾರಬೇಡಿ. ಪುಕ್ಕಟೆ ಕ್ಯಾಸೆಟ್ಟು ಕೈಯಿಂದ ಕೈಗೆ ಹೋಯಿತು. ಕೇಳಿದವನು ಮುಂದಿನ ಕಚೇರಿಗೆ ಟಿಕೆಟ್ ಕೊಂಡ. ಬೆಲ್ಲದ ಚೂರು ಬಾಯಿಗೆ ಕೊಟ್ಟು ಅಚ್ಚು ಮಾರುವ ವಿದ್ಯೆ! ಆಮೇಲೆ ಬಂದ ಜಾಮ್ ಬ್ಯಾಂಡುಗಳು ಇದೇ ಲೆಕ್ಕದ ಮೇಲೆ ಬದುಕಿದವು. ಒಂದೊಂದು ರಾತ್ರಿ ಒಂದೊಂದು ಥರ ಇದ್ದರೆ ತಾನೇ ಮತ್ತೆ ಮತ್ತೆ ಬರೋದು.

ಆದರೆ ಇದೇ ಹೊಸಬನಿಗೆ ಮುಳ್ಳೂ ಆಗುತ್ತೆ. ಹಳಬ ಯಾವ ರಾತ್ರಿ ಯಾವ ಹಾಡನ್ನು ಹೇಗೆ ನುಡಿಸಿದ ಅನ್ನೋದು ಸಾವಿರಾರು ಜನರ ಮನೆಯಲ್ಲಿ ಟೇಪಿನಲ್ಲಿ ಇರುತ್ತೆ. ಹೋಲಿಸಿ ನೋಡೋಕೆ ಎಷ್ಟು ಹೊತ್ತು ಬೇಕು?

ಕರ್ನಲ್ ಸಾಹೇಬರ ಪಾಠ

ಹೆರಿಂಗ್ ಹುಟ್ಟಿದ್ದು 1962ರ ಜನವರಿ 22ರಂದು, ನಾರ್ತ್ ಕೆರೊಲಿನಾ ರಾಜ್ಯದ ಫೇಯೆಟ್‌ವಿಲ್ ಊರಿನಲ್ಲಿ. ಆತ ಬೆಳೆದದ್ದು ಜಾಝ್ ಮತ್ತು ರಾಕ್ ಬೆರೆತುಕೊಳ್ಳುತ್ತಿದ್ದ ಕಾಲ. ಜಾಝ್ ಅಂದರೆ ಅಮೆರಿಕದ ಕರಿಯ ಜನರು ಬೆಳೆಸಿದ, ಮನೋಧರ್ಮವೇ ಜೀವಾಳವಾದ ಸಂಗೀತ. ರಾಕ್ ಅಂದರೆ ಕರೆಂಟ್ ಗಿಟಾರು, ಡ್ರಮ್ಮು, ಭಾರಿ ಸದ್ದು. ಎರಡೂ ಕೂಡಿ ಬಂದ ಜಾಝ್-ರಾಕ್ ನುಡಿಸೋಕೆ ಬೆರಳಿಗೂ ಕೆಲಸ, ತಲೆಗೂ ಕೆಲಸ. ಡಿಕ್ಸಿ ಡ್ರೆಗ್ಸ್ ಬ್ಯಾಂಡಿನ ಸ್ಟೀವ್ ಮೋರ್ಸ್ ಅನ್ನುವ ಗಿಟಾರ್‌ಗಾರ ಈ ಹುಡುಗನ ಆರಾಧ್ಯದೈವ. ಹಾಲಿವುಡ್ಡಿನಲ್ಲಿದ್ದ ಗಿಟಾರ್ ಶಾಲೆಗೆ ಹೋಗಿ ಓದಿ, ಆಮೇಲೆ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಮೇಷ್ಟ್ರಾಗಿ ಗಿಟಾರ್ ಹೇಳಿಕೊಡುತ್ತಾ ಇದ್ದ.

ಅಲ್ಲಿ ಸಿಕ್ಕಿದವನು ಬ್ರೂಸ್ ಹ್ಯಾಂಪ್ಟನ್. "ಕರ್ನಲ್" ಅಂತ ಹೆಸರಿಗೆ ಸೇರಿಸಿಕೊಂಡಿದ್ದ, ಆದರೆ ಯಾವ ಮಿಲಿಟರಿಯೂ ಕೊಟ್ಟ ಪದವಿ ಅಲ್ಲ ಅದು. ನಾಲ್ಕೇ ತಂತಿಯ ಒಂದು ವಿಚಿತ್ರ ವಾದ್ಯ ಹಿಡಿದು ಹಾಡುತ್ತಿದ್ದ ಮಹರಾಯ. 1971ರಲ್ಲಿ ಕೊಲಂಬಿಯಾ ಕಂಪನಿಯಲ್ಲಿ ಈತನ ಬ್ಯಾಂಡಿನ ಒಂದು ಜೋಡಿ ರೆಕಾರ್ಡು ಬಂತು. ಕಂಪನಿಯ ಚರಿತ್ರೆಯಲ್ಲೇ ಅತಿ ಕಡಿಮೆ ಮಾರಾಟವಾದ ರೆಕಾರ್ಡುಗಳಲ್ಲಿ ಅದು ಎರಡನೆಯದು, ಮೊದಲನೆಯದು ಯೋಗಾಸನ ಹೇಳಿಕೊಡುವ ರೆಕಾರ್ಡು ಅಂತ ಒಂದು ಕಥೆ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಆತನ ಮಾರಾಟದ ಪರಿಸ್ಥಿತಿ ಏನು ಅನ್ನೋದು ಇದರಿಂದ ತಿಳಿಯುತ್ತೆ.

ಆದರೆ ಹುಡುಗರನ್ನು ಗುರುತಿಸುವ ಕಣ್ಣು ಆತನಿಗಿತ್ತು. ಹೆರಿಂಗ್ ಜತೆಗೆ ಬಾಸ್ ಗಿಟಾರಿಗೆ ಓಟೀಲ್ ಬರ್ಬ್ರಿಜ್, ಡ್ರಮ್ಮಿಗೆ ಜೆಫ್ ಸೈಪ್, ಮ್ಯಾಂಡೊಲಿನ್ನಿಗೆ ಮ್ಯಾಟ್ ಮಂಡಿ. ಬ್ಯಾಂಡಿನ ಹೆಸರು ಅಕ್ವೇರಿಯಂ ರೆಸ್ಕ್ಯೂ ಯೂನಿಟ್. ಮೊದಲ ಆಲ್ಬಮ್ಮನ್ನು ಸ್ಟುಡಿಯೋದಲ್ಲಿ ಮಾಡದೆ ಜಾರ್ಜಿಯಾದ ಆಥೆನ್ಸ್ ಊರಿನ ಥಿಯೇಟರಿನಲ್ಲಿ ಜನರ ಮುಂದೆಯೇ ನುಡಿಸಿ ಮುದ್ರಿಸಿದರು. ಬಂದದ್ದು 1992ರಲ್ಲಿ. ಎರಡನೆಯದು 1993ರಲ್ಲಿ.

ಹ್ಯಾಂಪ್ಟನ್ ಪಾಠ ಸರಳ. ಸಂಗೀತವನ್ನು ದೊಡ್ಡದು ಮಾಡು, ನಿನ್ನನ್ನು ದೊಡ್ಡದು ಮಾಡಿಕೊಳ್ಳಬೇಡ. ಬೆರಳು ವೇಗವಾಗಿ ಓಡುತ್ತೆ ಅಂತ ತೋರಿಸೋದಕ್ಕೆ ನುಡಿಸಬೇಡ, ಪಕ್ಕದವನು ಏನು ಹೇಳ್ತಿದಾನೆ ಕೇಳು. ಗಿಟಾರ್ ಶಾಲೆಯಿಂದ ಬಂದವನಿಗೆ ಇದು ಬೇಕಿತ್ತು. ಶಾಲೆಯಲ್ಲಿ ನುಡಿಸೋದು ಕಲಿತಿದ್ದ, ಇಲ್ಲಿ ಕೇಳಿಸಿಕೊಳ್ಳೋದು ಕಲಿತ. ರೆಕಾರ್ಡು ಹೆಚ್ಚು ಮಾರಾಟ ಆಗಲಿಲ್ಲ. ಆದರೆ ಬೇರೆ ಬ್ಯಾಂಡಿನ ವಾದ್ಯಗಾರರು ವೇದಿಕೆ ಪಕ್ಕ ನಿಂತು ಇವರನ್ನು ಕೇಳುತ್ತಿದ್ದರು. ಜನಕ್ಕಿಂತ ಮೊದಲು ಜತೆಗಾರರಿಗೇ ಇವನ ಬೆಲೆ ಗೊತ್ತಾಯಿತು. ಮುಂದೆ ಬಂದ ಕರೆಗಳೆಲ್ಲ ಅಲ್ಲಿಂದಲೇ ಬಂದವು.

ಹ್ಯಾಂಪ್ಟನ್ ಬ್ಯಾಂಡ್ ಬಿಟ್ಟ ಮೇಲೆ ಉಳಿದವರು 1994ರಲ್ಲಿ ಇನ್ನೊಂದು ಆಲ್ಬಮ್ ತಂದರು. ಆಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕು.

ಗಾರ್ಸಿಯಾ ಇಲ್ಲದ ಡೆಡ್

1995ರ ಆಗಸ್ಟ್ 9ರಂದು ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಗಿಟಾರ್‌ಗಾರ ಜೆರ್ರಿ ಗಾರ್ಸಿಯಾ ತೀರಿಕೊಂಡ. ವಯಸ್ಸು 53. ಉಳಿದವರು ಆ ಹೆಸರಿನಲ್ಲಿ ಇನ್ನು ನುಡಿಸೋದಿಲ್ಲ ಅಂತ ಅಂಗಡಿ ಮುಚ್ಚಿದರು. ಆದರೆ ಹಾಡುಗಳು? ಅವುಗಳ ಹಿಂದೆ ತಿರುಗುತ್ತಿದ್ದ ಜನ?

1998ರಲ್ಲಿ ನಾಲ್ಕು ಜನ ಸೇರಿ ಆ ಹಾಡುಗಳನ್ನು ಹಾಡುಗಾರನೇ ಇಲ್ಲದೆ, ಬರೀ ವಾದ್ಯದಲ್ಲಿ, ಜಾಝ್-ರಾಕ್ ರೀತಿಯಲ್ಲಿ ನುಡಿಸೋಕೆ ಹೊರಟರು. ಗುಂಪಿನ ಹೆಸರು "ಜಾಝ್ ಈಸ್ ಡೆಡ್". ಜಾಝ್ ಸತ್ತಿದೆ ಅಂತಲೂ ಅರ್ಥ, ಜಾಝೇ ಡೆಡ್ ಬ್ಯಾಂಡು ಅಂತಲೂ ಅರ್ಥ. ಕೀಬೋರ್ಡಿಗೆ ಡಿಕ್ಸಿ ಡ್ರೆಗ್ಸಿನ ಟಿ ಲಾವಿಟ್ಜ್, ಬಾಸಿಗೆ ಆಲ್ಫೊನ್ಸೊ ಜಾನ್ಸನ್, ಡ್ರಮ್ಮಿಗೆ ಮಹಾವಿಷ್ಣು ಆರ್ಕೆಸ್ಟ್ರಾದ ಬಿಲ್ಲಿ ಕಾಬಮ್. ಮೂವರೂ ಹೆಸರಾಂತರು. ಗಿಟಾರಿಗೆ ಹೆರಿಂಗ್. ಹಾಡುಗಾರ ಇಲ್ಲ ಅಂದಮೇಲೆ ಗಾರ್ಸಿಯಾ ಬಾಯಲ್ಲಿ ಹಾಡಿದ್ದನ್ನೂ ಗಿಟಾರೇ ಹೇಳಬೇಕು.

ಇದನ್ನು ಕೇಳಿದ ಮೇಲೆ ಡೆಡ್ ಬ್ಯಾಂಡಿನ ಮನೆಯವರ ಕರೆ ಬರೋದಕ್ಕೆ ತಡವಾಗಲಿಲ್ಲ. ಆದರೆ ಅದಕ್ಕೆ ಮುಂಚೆ ಇನ್ನೊಂದು ಕರೆ ಬಂತು.

ಬದುಕಿರುವವನ ಜಾಗ

ಆಲ್ಮನ್ ಬ್ರದರ್ಸ್ ಬ್ಯಾಂಡ್ ಅಮೆರಿಕದ ದಕ್ಷಿಣ ಸೀಮೆಯ ದೊಡ್ಡ ಹೆಸರು, 1969ರಿಂದ ಇದ್ದದ್ದು. 2000ನೇ ಇಸವಿ ಮೇ ತಿಂಗಳಲ್ಲಿ ಅದರ ಸ್ಥಾಪಕರಲ್ಲಿ ಒಬ್ಬನಾದ ಗಿಟಾರ್‌ಗಾರ ಡಿಕಿ ಬೆಟ್ಸ್‌ಗೆ ಉಳಿದವರು ಒಂದು ಫ್ಯಾಕ್ಸ್ ಕಳಿಸಿದರು. ನೀನಿಲ್ಲದೆ ಈ ಬೇಸಿಗೆ ಪ್ರವಾಸ ಹೋಗ್ತೀವಿ ಅಂತ. ಮೂವತ್ತು ವರ್ಷದ ಪಾಲುದಾರನಿಗೆ ಫ್ಯಾಕ್ಸು! ಊರೆಲ್ಲ ಗುಲ್ಲಾಯಿತು.

ಆ ಬೇಸಿಗೆಗೆ ಹೆರಿಂಗ್‌ನನ್ನು ಕರೆದರು. ಹಳೇ ಗೆಳೆಯ ಓಟೀಲ್ ಬರ್ಬ್ರಿಜ್ 1997ರಿಂದ ಅಲ್ಲೇ ಇದ್ದ. ಹೆರಿಂಗ್ ಹೋದ, ನುಡಿಸಿದ. ಒಂದೇ ಬೇಸಿಗೆ. ಪ್ರವಾಸ ಮುಗಿದ ಮೇಲೆ ಅಲ್ಲಿ ನಿಲ್ಲಲಿಲ್ಲ.

ಸತ್ತವರ ಜಾಗದಲ್ಲಿ ನಿಂತರೆ ಜನ ಅಳ್ತಾರೆ, ಬೈತಾರೆ, ಕೊನೆಗೆ ಸಮಾಧಾನ ಮಾಡಿಕೊಳ್ತಾರೆ. ಬದುಕಿರುವವನ ಜಾಗದ ಕಥೆ ಬೇರೆ. ಅದೇ ಬೇಸಿಗೆಯಲ್ಲಿ ಬೆಟ್ಸ್ ತನ್ನದೇ ಬ್ಯಾಂಡ್ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಆ ಜಾಗ ಖಾಲಿಯಾಗಿತ್ತು ಅನ್ನೋದು ಹೇಗೆ? ಅಂಥ ದೊಡ್ಡ ಬ್ಯಾಂಡಿನಲ್ಲಿ ನಿಂತುಬಿಟ್ಟಿದ್ದರೆ ಹೆರಿಂಗ್‌ಗೆ ಹೆಸರು, ದುಡ್ಡು ಎರಡಕ್ಕೂ ಕೊರತೆ ಇರುತ್ತಿರಲಿಲ್ಲ. ಕರೆದ ಕಡೆಯೆಲ್ಲ ಉಳಿದುಬಿಡುವ ಮನುಷ್ಯ ಈತನಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ.

ಅದೇ ವರ್ಷದ ಕೊನೆಗೆ ಡೆಡ್ ಬ್ಯಾಂಡಿನ ಬಾಸ್ ವಾದಕ ಫಿಲ್ ಲೆಶ್ ತನ್ನ ಐದು ಜನರ ಗುಂಪಿಗೆ ಇವನನ್ನು ಸೇರಿಸಿಕೊಂಡ. ವಾರನ್ ಹೇನ್ಸ್ ಮತ್ತು ಹೆರಿಂಗ್, ಇಬ್ಬರು ಗಿಟಾರ್‌ಗಾರರು. ಲೆಶ್‌ಗೆ ಗಾರ್ಸಿಯಾನ ಪಡಿಯಚ್ಚು ಬೇಕಿರಲಿಲ್ಲ. ಒಬ್ಬ ಮುಂದೆ, ಉಳಿದವರು ಹಿಂದೆ ಅನ್ನುವ ಕ್ರಮವೇ ಬೇಡ, ಐವರೂ ಒಟ್ಟಿಗೇ ಮನೋಧರ್ಮ ಮಾಡಬೇಕು ಅನ್ನೋದು ಆತನ ಆಸೆ. ಕೇಳಿಸಿಕೊಳ್ಳೋದನ್ನು ಕಲಿತು ಬಂದವನಿಗೆ ಇದಕ್ಕಿಂತ ಒಳ್ಳೇ ಜಾಗ ಯಾವುದು? 2003ರವರೆಗೆ ಈ ಗುಂಪು ನಡೆಯಿತು. ಹಳೇ ಅಭಿಮಾನಿಗಳು ಇವತ್ತಿಗೂ ಇದನ್ನು ನೆನೆಸಿಕೊಳ್ತಾರೆ.

2002ರ ಆಗಸ್ಟ್ 3 ಮತ್ತು 4ರಂದು ಡೆಡ್ ಬ್ಯಾಂಡಿನ ಉಳಿದ ನಾಲ್ವರು ಹಳಬರು ವಿಸ್ಕಾನ್ಸಿನ್ ರಾಜ್ಯದ ಆಲ್ಪೈನ್ ವ್ಯಾಲಿಯಲ್ಲಿ ಮತ್ತೆ ಒಟ್ಟಿಗೆ ವೇದಿಕೆ ಹತ್ತಿದರು. ಗಾರ್ಸಿಯಾ ನಿಲ್ಲುತ್ತಿದ್ದ ಕಡೆ ಹೆರಿಂಗ್. 2003ರಲ್ಲಿ ಅವರು "ಗ್ರೇಟ್‌ಫುಲ್" ಬಿಟ್ಟು ಬರೀ "ದಿ ಡೆಡ್" ಅಂತ ಹೆಸರು ಇಟ್ಟುಕೊಂಡು ಪ್ರವಾಸ ಹೊರಟಾಗಲೂ ಈತನೇ.

ಒಂದೇ ತಿಂಗಳು ಹುಟ್ಟಿದ ಇಬ್ಬರು

ಆಲ್ಪೈನ್ ವ್ಯಾಲಿಯಲ್ಲಿ ಹೆರಿಂಗ್ ನುಡಿಸಿ ಒಂದು ವಾರ ಆಗಿರಲಿಲ್ಲ. ಆಗಸ್ಟ್ 10ರಂದು ಜಾರ್ಜಿಯಾದಲ್ಲಿ ಇನ್ನೊಬ್ಬ ಗಿಟಾರ್‌ಗಾರ ಸತ್ತ. ಹೆಸರು ಮೈಕೆಲ್ ಹೌಸರ್. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ವಯಸ್ಸು ನಲವತ್ತೇ. ಸಾಯುವ ಕೆಲವು ವಾರ ಮುಂಚಿನವರೆಗೂ ವೇದಿಕೆ ಮೇಲೆ ಕೂತು ನುಡಿಸಿದವನು.

ಈ ಹೌಸರ್ 1986ರಲ್ಲಿ ಗೆಳೆಯರ ಜತೆ ಆಥೆನ್ಸ್ ಊರಿನಲ್ಲಿ ಕಟ್ಟಿದ ಬ್ಯಾಂಡು ವೈಡ್‌ಸ್ಪ್ರೆಡ್ ಪ್ಯಾನಿಕ್. ಹೌಸರ್‌ಗೆ ಹಿಂದೆ ಇದ್ದಕ್ಕಿದ್ದಂತೆ ಗಾಬರಿ ಹತ್ತುವ ಕಾಯಿಲೆ ಇತ್ತು. ಗೆಳೆಯರು "ಪ್ಯಾನಿಕ್" ಅಂತಲೇ ಕರೆಯುತ್ತಿದ್ದರು. ಬ್ಯಾಂಡಿನ ಹೆಸರು ಬಂದದ್ದು ಅಲ್ಲಿಂದ. ಅಂದರೆ ಬೋರ್ಡಿನ ಮೇಲೆ ಇರೋದೇ ಸತ್ತವನ ಹೆಸರು.

ಇನ್ನೊಂದು ವಿಚಿತ್ರ ಕೇಳಿ. ಹೌಸರ್ ಹುಟ್ಟಿದ್ದು 1962ರ ಜನವರಿ 6ರಂದು, ನಾರ್ತ್ ಕೆರೊಲಿನಾದಲ್ಲಿ. ಹೆರಿಂಗ್ ಹುಟ್ಟಿದ್ದು ಅದೇ ವರ್ಷ, ಅದೇ ತಿಂಗಳು, ಅದೇ ರಾಜ್ಯದಲ್ಲಿ, ಹದಿನಾರು ದಿನ ತಡವಾಗಿ! ಇಬ್ಬರ ಬ್ಯಾಂಡುಗಳೂ ಜಾರ್ಜಿಯಾದವು, ಇಬ್ಬರ ಆಲ್ಬಮ್ಮುಗಳೂ ಕ್ಯಾಪ್ರಿಕಾರ್ನ್ ಕಂಪನಿಯಿಂದ ಬಂದಿದ್ದವು. 1992ರ ಹೋರ್ಡ್ ಅನ್ನುವ ಪ್ರವಾಸದಲ್ಲಿ ಎರಡೂ ಬ್ಯಾಂಡುಗಳು ಒಂದೇ ವೇದಿಕೆಯಲ್ಲಿ ನುಡಿಸಿದ್ದವು. ಗುರುತಿಲ್ಲದವನ ಜಾಗ ಅಲ್ಲ ಇದು, ಓರಗೆಯವನ ಜಾಗ.

ಹೌಸರ್ ಹೋದ ಮೇಲೆ ಜಾರ್ಜ್ ಮೆಕಾನೆಲ್ ಅನ್ನುವವನು ನಾಲ್ಕು ವರ್ಷ ನುಡಿಸಿದ. 2006ರ ಬೇಸಿಗೆಯಲ್ಲಿ ಆತ ಬಿಟ್ಟ. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿ ಸಭಾಂಗಣದಲ್ಲಿ ಹೆರಿಂಗ್ ಮೊದಲ ಸಲ ಆ ಜಾಗಕ್ಕೆ ಬಂದ.

ಹೌಸರ್ ಕುರ್ಚಿ ಮೇಲೆ ಕೂತು ನುಡಿಸುತ್ತಿದ್ದ. ಕೂದಲು ಮುಖಕ್ಕೆ ಇಳಿಬಿಟ್ಟು, ಕಾಲಲ್ಲಿ ಪೆಡಲ್ ಒತ್ತುತ್ತಾ ಸ್ವರವನ್ನು ಹೊಗೆಯ ಹಾಗೆ ಹರಡುವವನು. ಹೆರಿಂಗ್ ನಿಂತು ನುಡಿಸಿದ. ಇವನ ಸ್ವರಗಳು ಬಿಡಿಬಿಡಿ, ಸ್ಪಷ್ಟ, ಮಿಂಚಿನ ವೇಗ. ಮೊದಮೊದಲು ಗೊಣಗಿದವರು ಇದ್ದರು. ಇಷ್ಟೊಂದು ಸ್ವರ ಯಾಕೆ, ನಮ್ಮವನು ಒಂದೇ ಸ್ವರದಲ್ಲಿ ಹೇಳುತ್ತಿದ್ದ ಅಂದರು. ದೊಡ್ಡ ಯಜಮಾನ್ರು ಇದ್ದಾಗ ಹೀಗಿರ್ಲಿಲ್ಲ!

ಆತ ಏನು ಮಾಡಿದ? ರೆಕಾರ್ಡಿಂಗು ಕೇಳಿದರೆ ಗೊತ್ತಾಗುತ್ತೆ. ಹಾಡಿಗೆ ಹೌಸರ್ ಕಟ್ಟಿಟ್ಟ ಮೂಲ ಪಲುಕು ಇರುತ್ತಲ್ಲ, ಜನ ಕಾಯೋದು ಅದಕ್ಕೆ, ಅದನ್ನು ಮುರಿಯಲಿಲ್ಲ. ಇದ್ದ ಹಾಗೇ ಗೌರವದಿಂದ ನುಡಿಸಿದ. ಹಾಡು ಬಾಯ್ತೆರೆದು ಮನೋಧರ್ಮಕ್ಕೆ ಜಾಗ ಬಂದಾಗ ಮಾತ್ರ ತನ್ನ ದಾರಿ ಹಿಡಿದ. ಅಲ್ಲಿ ಹೌಸರ್‌ನ ನಕಲಿಗೆ ಹೋಗಲಿಲ್ಲ. ಅಡಿಪಾಯ ಹಳಬನದು, ಮಹಡಿ ತನ್ನದು. ಅದೂ ಎದೆಬಡಿದುಕೊಂಡು ಅಲ್ಲ. ಹಾಡುಗಾರ ಬಾಯಿ ತೆರೆದರೆ ಹಿಂದೆ ಸರಿಯೋದು, ಪಕ್ಕದ ಕೀಬೋರ್ಡಿನವನು ಒಂದು ಎಳೆ ಕೊಟ್ಟರೆ ಅದನ್ನೇ ಹಿಡಿದು ನೇಯೋದು. ಕರ್ನಲ್ ಸಾಹೇಬರ ಪಾಠ.

ಬರಬರುತ್ತಾ ಆತನ ಕೈಯೂ ಬದಲಾಯಿತು. ವೇಗ ಕಡಿಮೆ ಮಾಡಿ, ಗಿಟಾರಿನ ಸನ್ನೆಕಡ್ಡಿ ಒತ್ತಿ ಎಳೆದು, ಸದ್ದಿನ ಗುಂಡಿಯನ್ನು ಕಿರುಬೆರಳಲ್ಲಿ ತಿರುಗಿಸುತ್ತಾ ಮನುಷ್ಯರ ದನಿಯ ಹಾಗೆ ಗಮಕ ತರುವ ರೀತಿ ಬೆಳೆಸಿಕೊಂಡ. ಹೊಸಬ ಬಂದು ಅಂಗಡಿ ಬದಲಾಯಿಸಿದ ಅಂತಾರೆ. ಅಂಗಡಿಯೂ ಹೊಸಬನನ್ನು ಬದಲಾಯಿಸುತ್ತೆ.

ಗಿರಾಕಿ ಬಿಟ್ಟು ಹೋದರೆ? ಇಲ್ಲ. ಕೊಲರಾಡೊ ರಾಜ್ಯದಲ್ಲಿ ಎರಡು ಕೆಂಪು ಹೆಬ್ಬಂಡೆಗಳ ನಡುವೆ ರೆಡ್ ರಾಕ್ಸ್ ಅನ್ನುವ ಬಯಲು ರಂಗಮಂದಿರ ಇದೆ. ಸುಮಾರು 9,500 ಜನ ಹಿಡಿಸುತ್ತೆ. ಅಲ್ಲಿ ಅತಿ ಹೆಚ್ಚು ಸಲ "ಹೌಸ್‌ಫುಲ್" ಬೋರ್ಡ್ ಹಾಕಿಸಿದ ದಾಖಲೆ ವೈಡ್‌ಸ್ಪ್ರೆಡ್ ಪ್ಯಾನಿಕ್ ಬ್ಯಾಂಡಿನದು. 60ಕ್ಕೂ ಹೆಚ್ಚು ಸಲ. ರೇಡಿಯೋದಲ್ಲಿ ಮನೆಮಾತಾದ ಒಂದು ಹಾಡೂ ಇಲ್ಲದ ಬ್ಯಾಂಡಿಗೆ! ಸಾಲಾಗಿ ಮೂರು ರಾತ್ರಿ ನುಡಿಸಿದರೆ ಸಾಮಾನ್ಯವಾಗಿ ಒಂದು ಹಾಡೂ ಮರಳಿ ಬರಲ್ಲ. ಮೂರು ದಿನಕ್ಕೂ ಟಿಕೆಟ್ ಕೊಂಡವನಿಗೆ ಮೋಸ ಇಲ್ಲ.

2017: ಒಂದು ಸಾವು, ಒಂದು ಸಮಾಗಮ

2017ರ ಮೇ 1ರ ರಾತ್ರಿ ಅಟ್ಲಾಂಟಾದ ಫಾಕ್ಸ್ ಥಿಯೇಟರಿನಲ್ಲಿ ಬ್ರೂಸ್ ಹ್ಯಾಂಪ್ಟನ್‌ಗೆ ಎಪ್ಪತ್ತು ತುಂಬಿದ ಸಂಭ್ರಮ. ಆತ ಬೆಳೆಸಿದ ಹುಡುಗರೆಲ್ಲ ದೊಡ್ಡವರಾಗಿ ಬಂದು ಸುತ್ತ ನಿಂತಿದ್ದರು. ಹೆರಿಂಗ್ ಕೂಡ. ಕೊನೆಯ ಹಾಡು ನಡೀತಿತ್ತು. ಚಿಕ್ಕ ಹುಡುಗನೊಬ್ಬ ಗಿಟಾರ್ ನುಡಿಸುತ್ತಿದ್ದ. ಹ್ಯಾಂಪ್ಟನ್ ಮಂಡಿಯೂರಿ ನೆಲಕ್ಕೆ ಒರಗಿದ. ಸದಾ ತಮಾಷೆ ಮಾಡುವ ಮನುಷ್ಯ, ಹುಡುಗನಿಗೆ ನಮಸ್ಕಾರ ಮಾಡ್ತಿದಾನೆ ಅಂತ ಎಲ್ಲರೂ ತಿಳಿದರು. ವಾದ್ಯ ನಿಲ್ಲಲಿಲ್ಲ. ನಿಜ ಗೊತ್ತಾಗೋ ಹೊತ್ತಿಗೆ ಕೆಲವು ನಿಮಿಷ ಕಳೆದಿತ್ತು. ಅದೇ ರಾತ್ರಿ ಆತ ತೀರಿಕೊಂಡ.

ಅದೇ ವರ್ಷದ ಕೊನೆಗೆ ಹೆರಿಂಗ್‌ಗೆ ಮತ್ತೊಂದು ಕರೆ. ಈ ಸಲ ಯಾರ ಜಾಗಕ್ಕೂ ಅಲ್ಲ. ಕರೆದವನು ಜಾನ್ ಮೆಕ್‌ಲಾಫ್ಲಿನ್. ನಮ್ಮವರಿಗೆ ಪರಿಚಯದ ಹೆಸರು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿ ಜಾಝ್-ರಾಕ್‌ಗೆ ಮೈಸೂರು ದಸರಾದಷ್ಟು ಅಬ್ಬರ ತಂದವನು. "ಮಹಾವಿಷ್ಣು" ಅನ್ನುವ ಹೆಸರು ಆತನ ಗುರು ಶ್ರೀ ಚಿನ್ಮೊಯ್ ಕೊಟ್ಟದ್ದು. ಆಮೇಲೆ ಪಿಟೀಲಿನ ಎಲ್. ಶಂಕರ್, ತಬಲದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಅವರ ಜತೆ ಸೇರಿ ಶಕ್ತಿ ಎಂಬ ಮೇಳ ನಡೆಸಿದವನು. ಎಪ್ಪತ್ತೈದನೇ ವಯಸ್ಸಿನಲ್ಲಿ ಅಮೆರಿಕಕ್ಕೆ ವಿದಾಯದ ಪ್ರವಾಸ ಬರುವಾಗ ಜತೆಗೆ ಹೆರಿಂಗ್‌ನನ್ನೂ ಅವನ ಬ್ಯಾಂಡನ್ನೂ ಕರೆದುಕೊಂಡ. ಮೊದಲು ಇವರದು, ಆಮೇಲೆ ಅವರದು, ಕೊನೆಗೆ ಎರಡೂ ಬ್ಯಾಂಡು ಕೂಡಿ ಮಹಾವಿಷ್ಣು ಕಾಲದ ಕೃತಿಗಳು. ಹೆರಿಂಗ್‌ನ ಡ್ರಮ್ಮಿನವನು ಯಾರು ಗೊತ್ತೆ? ಹ್ಯಾಂಪ್ಟನ್ ಗರಡಿಯ ಅದೇ ಜೆಫ್ ಸೈಪ್. ಸ್ಯಾನ್ ಫ್ರಾನ್ಸಿಸ್ಕೋದ ಕಚೇರಿ ಆಲ್ಬಮ್ಮಾಗಿ 2018ರಲ್ಲಿ ಬಂತು.

ಬಾಲ್ಯದಲ್ಲಿ ರೆಕಾರ್ಡು ಹಾಕಿಕೊಂಡು ಕಲಿತ ಸಂಗೀತವನ್ನು ಅದನ್ನು ಕಟ್ಟಿದವನ ಪಕ್ಕದಲ್ಲೇ ನಿಂತು ನುಡಿಸೋದು! ತನ್ನ ಹೆಸರಿನಲ್ಲಿ ಹೆರಿಂಗ್ ತಂದ ಆಲ್ಬಮ್ಮುಗಳು ಕಡಿಮೆ. ಮೊದಲನೆಯದು "ಲೈಫ್‌ಬೋಟ್" ಬಂದಾಗ 2008, ಆತನಿಗೆ ನಲವತ್ತಾರು ವರ್ಷ. ಎರಡನೆಯದು 2012ರಲ್ಲಿ. ಅಷ್ಟು ದಿನ ಬೇರೆಯವರ ಹಾಡಿಗೇ ದುಡಿದಿದ್ದ.

2024ರಲ್ಲಿ ಹೆರಿಂಗ್‌ಗೆ ಗಂಟಲ ಟಾನ್ಸಿಲ್ ಕ್ಯಾನ್ಸರ್, ಮೊದಲ ಹಂತದ್ದು, ಅಂತ ಬ್ಯಾಂಡೇ ಪ್ರಕಟಿಸಿತು. ಚಿಕಿತ್ಸೆಗಾಗಿ ಕೆಲಕಾಲ ವೇದಿಕೆಯಿಂದ ದೂರ ಇರಬೇಕಾಯಿತು. ಹಿಂದೆ ಹೌಸರ್ ಇಲ್ಲ ಅಂತ ಕಣ್ಣೀರಿಟ್ಟ ಅದೇ ಅಭಿಮಾನಿಗಳು ಈಗ ಹೆರಿಂಗ್ ಇಲ್ಲದೆ ಹೇಗೆ ಅಂತ ಹಂಬಲಿಸಿದರು.

ಲೆಕ್ಕ ಹಾಕಿ ನೋಡಿ. ಹೌಸರ್ ಆ ಬ್ಯಾಂಡಿನಲ್ಲಿ ಇದ್ದದ್ದು 1986ರಿಂದ 2002, ಹದಿನಾರು ವರ್ಷ. ಹೆರಿಂಗ್ ಬಂದದ್ದು 2006ರಲ್ಲಿ. ಹಳಬನಿಗಿಂತ ಹೊಸಬನ ವರ್ಷವೇ ಜಾಸ್ತಿ ಆಗಿಹೋಗಿದೆ. ಈಗ ಕಚೇರಿಗೆ ಬರುವ ಇಪ್ಪತ್ತು, ಇಪ್ಪತ್ತೆರಡರ ಹುಡುಗರು ಹೌಸರ್‌ನನ್ನು ನೋಡಿದವರೇ ಅಲ್ಲ. ಅವರಿಗೆ ದೊಡ್ಡ ಯಜಮಾನ ಅಂದರೆ ಹೆರಿಂಗೇ. ಆದರೂ ಬೋರ್ಡಿನ ಮೇಲೆ ಇರೋದು ಹೌಸರ್‌ನ ಅಡ್ಡಹೆಸರು. ಅದನ್ನು ಅಳಿಸೋಕೆ ಹೋಗದೆ, ಅದರ ಕೆಳಗೆ ನಿಂತೇ ತನ್ನ ಸ್ವರ ನುಡಿಸಿಕೊಂಡು ಬಂದವನು ಈತ.